ಹೆಸರಿನ ಮುಂದಿನ ಪ್ರಶ್ನೆ ಚಿಹ್ನೆ

ಹೋದ ಶ್ರಾವಣದಲ್ಲಿ ನಮ್ಮ ಬೀದಿಯೊಂದರಲ್ಲೇ ಮೂರು ಸತ್ಯನಾರಾಯಣ ಪೂಜೆ. ಮೂರನೆಯ ಮನೆಯಲ್ಲಿ ಆಂಟಿ ನನ್ನ ಅಂಗೈ ಮೇಲೆ ಬಿಸಿ ಸಜ್ಜಿಗೆ ಇಟ್ಟರು. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು, ಎಲ್ಲವೂ ಒಂದೂಕಾಲು ಅಳತೆ. ಬೆರಳ ಸಂದಿಯಲ್ಲಿ ತುಪ್ಪ ಇಳಿಯುತ್ತಿತ್ತು. ನಾನು ಹಾಗೇ ನಿಂತಿದ್ದೆ.

"ತಿನ್ನಮ್ಮಾ, ಆರೋಗುತ್ತೆ."

"ಇಲ್ಲ ಆಂಟಿ, ಡಾಕ್ಟ್ರು ನಂಗೆ ಗೋಧಿ ಬೇಡ ಅಂದಿದ್ದಾರೆ."

"ಇದು ಗೋಧಿ ಅಲ್ವಲ್ಲ, ರವೆ!"

ರವೆಯೂ ಗೋಧಿಯೇ ಅಂತ ಹೇಳಿದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. "ಅಷ್ಟಕ್ಕೂ ಏನಂತೆ ಕಾಯಿಲೆ?" ಅಂದರು. ಸೀಲಿಯಾಕ್ ಅಂತ, ಇರಬಹುದಂತೆ ಅಂದೆ.

"ಇರಬಹುದಾ? ಇದೆಯೋ ಇಲ್ವೋ?"

ಆಂಟಿಯ ಮೇಲೆ ನನಗೆ ಸಿಟ್ಟಿಲ್ಲ. ಇದೇ ಪ್ರಶ್ನೆಯನ್ನು ನಾನು ಬೆಂಗಳೂರಿನ ದೊಡ್ಡ ಡಾಕ್ಟರಿಗೆ ಎರಡು ಸಲ ಕೇಳಿದ್ದೇನೆ. ರಾತ್ರಿ ಮೂರು ಗಂಟೆಗೆ ಎದ್ದು ಬಚ್ಚಲು ಮನೆಯ ಗೋಡೆಗೂ ಕೇಳಿದ್ದೇನೆ. ಸಜ್ಜಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಮನೆಗೆ ತಂದು ಮಗಳಿಗೆ ಕೊಟ್ಟೆ. ಅವಳು ಗೋಧಿ ತಿನ್ನಲೇಬೇಕು, ಅದು ಬೇರೆ ಕತೆ. ಆಮೇಲೆ ಬರುತ್ತದೆ.

ಶುರುವಾಗಿದ್ದು ರಕ್ತದಿಂದ. 2021ರ ಕೊನೆಯಲ್ಲಿ ಹಿಮೋಗ್ಲೋಬಿನ್ 8.2 ಬಂತು. ನಮ್ಮ ಕಡೆ ನಲವತ್ತರ ಹತ್ತಿರದ ಹೆಂಗಸಿಗೆ ರಕ್ತ ಕಡಿಮೆ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮುಟ್ಟು ಜಾಸ್ತಿ ಇರುತ್ತೆ, ಸರಿಯಾಗಿ ಊಟ ಮಾಡಲ್ಲ, ಟೆನ್ಷನ್ನು. ಕಬ್ಬಿಣದ ಮಾತ್ರೆ ಬಂತು. ಅಮ್ಮ ನುಗ್ಗೆಸೊಪ್ಪು, ಖರ್ಜೂರ, ಬೀಟ್‌ರೂಟು ಅಂತ ಚೀಲ ತುಂಬಿ ಕಳಿಸಿದರು. ಮೂರು ತಿಂಗಳಿಗೆ 10 ದಾಟಿತು, ಮತ್ತೆ ಮೂರು ತಿಂಗಳಿಗೆ 8.8. ಜಂತುಹುಳುವಿನ ಮಾತ್ರೆ ಆಯಿತು. ಗರ್ಭಕೋಶದ ಸ್ಕ್ಯಾನಿಂಗ್ ಆಯಿತು, ಅಲ್ಲಿ ಏನೂ ಇಲ್ಲ. ಕೊನೆಗೆ ರಕ್ತನಾಳಕ್ಕೇ ಕಬ್ಬಿಣ ಹತ್ತಿಸಿದರು. ಅದೂ ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ.

ಹೊಟ್ಟೆಯ ವಿಷಯ ನಾನು ಯಾರಿಗೂ ಹೇಳಿಯೇ ಇರಲಿಲ್ಲ. ಊಟವಾದ ಮೇಲೆ ಐದು ತಿಂಗಳ ಬಸುರಿಯ ಹಾಗೆ ಉಬ್ಬುವುದು, ವಾರಕ್ಕೆ ಮೂರು ದಿನ ಹೊಟ್ಟೆ ಕೆಡುವುದು, ಬಾಯಲ್ಲಿ ಹುಣ್ಣು. ಗ್ಯಾಸ್ಟ್ರಿಕ್ ಅಂದುಕೊಂಡಿದ್ದೆ. ಕರ್ನಾಟಕದಲ್ಲಿ ಕುತ್ತಿಗೆಯಿಂದ ಸೊಂಟದವರೆಗಿನ ಎಲ್ಲ ನೋವಿಗೂ ಅದೊಂದೇ ಹೆಸರು ಅಲ್ವಾ. ರಕ್ತಕ್ಕೂ ಹೊಟ್ಟೆಗೂ ಸಂಬಂಧ ಇರಬಹುದು ಅಂತ ನನಗೆ ಹೊಳೆಯಲಿಲ್ಲ, ಯಾರೂ ಕೇಳಲೂ ಇಲ್ಲ.

2023ರ ಆರಂಭದಲ್ಲಿ ಒಬ್ಬ ಡಾಕ್ಟರು ಕೇಳಿದರು. ಅವರ ಕಿವಿ ಒಳ್ಳೆಯದು. ಆದರೆ ಅವರು ಹೇಳಿದ ಒಂದು ಮಾತಿನಿಂದ ನಾನು ಇವತ್ತಿಗೂ ಒದ್ದಾಡುತ್ತಿದ್ದೇನೆ. "ಒಂದು ನಾಲ್ಕು ತಿಂಗಳು ಗೋಧಿ ಬಿಟ್ಟು ನೋಡಿ. ಕಮ್ಮಿ ಆದ್ರೆ ಅದೇ ಅಂತ." ಟೆಸ್ಟ್ ಬರೆಯಲಿಲ್ಲ. ಸುಮ್ನೆ ಬಿಟ್ಟು ನೋಡಿ, ಅಷ್ಟೆ.

ಬಿಟ್ಟೆ. ನಮ್ಮ ಮನೆಯಲ್ಲಿ ಗೋಧಿ ಬಂದಿದ್ದೇ ಡಾಕ್ಟರ ಮಾತಿನಿಂದ. ನನ್ನ ತವರು ಚನ್ನರಾಯಪಟ್ಟಣದ ಕಡೆ, ರಾಗಿ ಸೀಮೆ. ಗಂಡನ ಮನೆ ಆಲೂರಿನ ಕಡೆ, ಅಕ್ಕಿ ರೊಟ್ಟಿ, ಕಡುಬಿನ ಸೀಮೆ. ಹಾಸನ ಜಿಲ್ಲೆಯ ಗುಣವೇ ಇದು, ಅರ್ಧ ಮಲೆನಾಡು, ಅರ್ಧ ಬಯಲು. ಚಿಕ್ಕವಳಿದ್ದಾಗ ಗೋಧಿ ನಮ್ಮ ಮನೆಗೆ ನೆಂಟರ ಹಾಗೆ ಬರುತ್ತಿತ್ತು. ಯುಗಾದಿಗೆ ಒಬ್ಬಟ್ಟು, ಯಾರಾದರೂ ಬಂದರೆ ಉಪ್ಪಿಟ್ಟು, ಮುಗಿಯಿತು. ಆಮೇಲೆ ಅಪ್ಪನಿಗೆ ಸಕ್ಕರೆ ಕಾಯಿಲೆ ಬಂತು. ಮೊದಲ ದಿನವೇ ಡಾಕ್ಟರು ಅಂದರು, ರಾತ್ರಿ ಅನ್ನ ಮುದ್ದೆ ಬಿಡಿ, ಚಪಾತಿ ತಿನ್ನಿ. ಅಪ್ಪನೊಬ್ಬರಿಗೆ ಲಟ್ಟಿಸುವುದು ಯಾಕೆ ಅಂತ ಇಡೀ ಮನೆ ಚಪಾತಿಗೆ ತಿರುಗಿತು. ಮದುವೆಯಾಗಿ ಹಾಸನಕ್ಕೆ ಬಂದ ಮೇಲೆ ನಾನೂ ಅದನ್ನೇ ಮುಂದುವರಿಸಿದೆ. ಚಪಾತಿ ಅಂದರೆ ಆರೋಗ್ಯ, ಚಪಾತಿ ಅಂದರೆ ತೂಕ ಇಳಿಯುತ್ತೆ. ಇಪ್ಪತ್ತು ವರ್ಷ ದಿನಾ ರಾತ್ರಿ ಔಷಧಿ ಅಂತ ತಿಂದಿದ್ದನ್ನು ಇವತ್ತು ವಿಷ ಇರಬಹುದು ಅಂದರೆ ನಗಬೇಕೋ ಅಳಬೇಕೋ.

ಐದು ತಿಂಗಳಿಗೆ ಹೊಟ್ಟೆ ಇಳಿಯಿತು. ಬಾಯಿ ಹುಣ್ಣು ಹೋಯಿತು. ಹಿಮೋಗ್ಲೋಬಿನ್ 10.9. ನಾನು ಗೆದ್ದೆ ಅಂದುಕೊಂಡು, ಹೆಸರೊಂದು ಬರೆಸಿಕೊಂಡು ಬರೋಣ ಅಂತ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಹೊಟ್ಟೆ ತಜ್ಞರು ಫೈಲು ತಿರುವಿದರು, ಮತ್ತೆ ಮೊದಲಿಂದ ತಿರುವಿದರು.

"ಗೋಧಿ ಬಿಡೋಕೆ ಮುಂಚೆ ಟಿಟಿಜಿ ಮಾಡಿಸಿದ್ರಾ?"

"ಇಲ್ಲ ಸರ್."

ಅವರು ಪೆನ್ನು ಕೆಳಗಿಟ್ಟರು. ನನಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದನ್ನು ಇಲ್ಲಿ ಬರೆದಿಡುತ್ತೇನೆ. ಯಾರಿಗಾದರೂ ನನ್ನ ತಪ್ಪು ತಪ್ಪಲಿ.

ಗೋಧಿ, ಬಾರ್ಲಿ, ರೈ ಈ ಮೂರರಲ್ಲಿ ಗ್ಲುಟೆನ್ ಅನ್ನುವ ಪ್ರೋಟೀನು ಇರುತ್ತದೆ. ಕಣಕ ಎಳೆದರೆ ರಬ್ಬರಿನ ಹಾಗೆ ಬರುತ್ತದಲ್ಲ, ಅದೇ. ಸೀಲಿಯಾಕ್ ಇದ್ದವರ ದೇಹ ಇದನ್ನು ಕಂಡು ತನ್ನ ಕರುಳಿನ ಮೇಲೆ ತಾನೇ ಯುದ್ಧಕ್ಕೆ ಹೋಗುತ್ತದೆ. ಅಲರ್ಜಿ ಅಲ್ಲ, ತಿಂದ ಕೂಡಲೇ ಮುಖ ಊದಿಕೊಳ್ಳುವಂಥದ್ದಲ್ಲ. ನಿಧಾನ. ರಕ್ತದಲ್ಲಿ ಟಿಟಿಜಿ ಅನ್ನುವ ಪ್ರತಿಕಾಯ ಆ ಯುದ್ಧದ ಗುರುತು. ಯುದ್ಧ ನಿಲ್ಲಿಸಿ ತಿಂಗಳುಗಳಾದರೆ ಗುರುತೂ ಇಳಿಯುತ್ತದೆ, ಗಾಯವೂ ಮಾಯುತ್ತದೆ. ಅದಕ್ಕೇ ಪರೀಕ್ಷೆ ಮಾಡಿಸುವಾಗ ಗೋಧಿ ತಿನ್ನುತ್ತಲೇ ಇರಬೇಕು. ನಾನು ಕಳ್ಳ ಓಡಿಹೋಗಿ ಐದು ತಿಂಗಳಾದ ಮೇಲೆ ಪೊಲೀಸರನ್ನು ಕರೆದಿದ್ದೆ.

ಆದರೂ ರಕ್ತ ಕೊಟ್ಟೆ. ಆ ಲ್ಯಾಬಿನಲ್ಲಿ 10ಕ್ಕಿಂತ ಕಡಿಮೆ ಇದ್ದರೆ ಇಲ್ಲ ಅಂತ ಲೆಕ್ಕ. ನನ್ನದು 17. ನೂರು ಗಟ್ಟಲೆ ಬಂದಿದ್ದರೆ ಮಾತೇ ಇರಲಿಲ್ಲ, 3 ಬಂದಿದ್ದರೂ ಒಂಥರಾ ಸಮಾಧಾನ. ಒಟ್ಟು ಐಜಿಎ, ಅಂದರೆ ರಕ್ತದಲ್ಲಿನ ಒಂದು ಬಗೆಯ ಪ್ರತಿಕಾಯಗಳ ಮೊತ್ತ, ಅದನ್ನೂ ನೋಡಿದರು. ಅದು ಹುಟ್ಟಿನಿಂದಲೇ ಕಡಿಮೆ ಇರುವವರಿಗೆ ಟಿಟಿಜಿ ಸುಳ್ಳು ಹೇಳುತ್ತದಂತೆ. ನನ್ನದು ಸರಿ ಇತ್ತು. ಅಂದರೆ 17 ಅನ್ನುವುದು ನಿಜ, ಅದರ ಅರ್ಥ ಮಾತ್ರ ಗೊತ್ತಿಲ್ಲ. ಮೇಲಿಂದ ಇಳಿಯುತ್ತಾ ಬಂದ 17 ಆಗಿರಬಹುದು. ಬೇರೆ ಯಾವುದೋ ಕಾರಣಕ್ಕೆ ಏರಿದ್ದೂ ಆಗಿರಬಹುದು.

ಮುಂದೆ ಎಂಡೋಸ್ಕೋಪಿ. ಬಾಯಿಂದ ಪೈಪು ಇಳಿಸಿ ಸಣ್ಣ ಕರುಳಿನ ಮೊದಲ ಭಾಗದಿಂದ ಚೂರು ತೆಗೆಯುತ್ತಾರೆ. ನಾಲ್ಕಾದರೂ ತೆಗೆಯಬೇಕು, ಜೊತೆಗೆ ಹೊಟ್ಟೆ ದಾಟಿದ ಕೂಡಲೇ ಸಿಗುವ ಉಬ್ಬಿದ ಜಾಗದಿಂದ ಒಂದೆರಡು, ಯಾಕೆಂದರೆ ಈ ಕಾಯಿಲೆ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಇರುತ್ತದೆ ಅಂತ ನಾನು ಆಮೇಲೆ ಓದಿ ತಿಳಿದೆ. ನನ್ನದು ಬೇರೊಂದು ಆಸ್ಪತ್ರೆಯಲ್ಲಿ ಆಯಿತು. ತೆಗೆದದ್ದು ಎರಡೇ ಚೂರು. ರಿಪೋರ್ಟಿನಲ್ಲಿ ಮಾರ್ಷ್ 1 ಅಂತ ಬರೆದಿತ್ತು. ಮೈಕೆಲ್ ಮಾರ್ಷ್ ಅನ್ನುವವರು 1992ರಲ್ಲಿ ಮಾಡಿದ ಶ್ರೇಣಿ ಅದು. 3 ಅಂದರೆ ಹೆಚ್ಚುಕಡಿಮೆ ಖಚಿತ, 0 ಅಂದರೆ ಕರುಳು ಚೆನ್ನಾಗಿದೆ. 1 ಅಂದರೆ ಯಾವುದಕ್ಕೂ ಸಲ್ಲದ್ದು.

ಡಾಕ್ಟರು ಚಿತ್ರ ಬರೆದು ತೋರಿಸಿದರು. ಕರುಳಿನ ಒಳಗೋಡೆಯ ಮೇಲೆ ಬೆರಳಿನಂಥ ಸಣ್ಣ ಎಳೆಗಳು ಒತ್ತಾಗಿ ನಿಂತಿರುತ್ತವೆ. ನನಗೆ ಅದು ನಾಟಿ ಮಾಡಿದ ಗದ್ದೆ ಅನ್ನಿಸಿತು. ಸೀಲಿಯಾಕ್ ಜೋರಾದಾಗ ಆ ಪೈರು ಅಡ್ಡಮಳೆಗೆ ಸಿಕ್ಕಿದ ಬತ್ತದ ಹಾಗೆ ಮಲಗುತ್ತದೆ, ತಿಂದದ್ದರಲ್ಲಿನ ಕಬ್ಬಿಣ ರಕ್ತಕ್ಕೆ ಸೇರುವುದಿಲ್ಲ. ನನ್ನ ಪೈರು ನಿಂತೇ ಇದೆ. ಆದರೆ ಬದುವಿನ ಮೇಲೆ ಕಾವಲುಗಾರರು ಬೇಕಾದ್ದಕ್ಕಿಂತ ಜಾಸ್ತಿ ಸೇರಿದ್ದಾರೆ. ಬಿಳಿ ರಕ್ತಕಣಗಳು. ನೂರು ಜೀವಕೋಶಕ್ಕೆ 25ರವರೆಗೆ ಪರವಾಗಿಲ್ಲ, ನನ್ನದು 32. ಅವರು ಯಾಕೆ ಸೇರಿದರು? ಗ್ಲುಟೆನ್‌ನಿಂದ ಇರಬಹುದು. ಹೊಟ್ಟೆಯಲ್ಲಿ ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದ್ದರೂ ಸೇರುತ್ತಾರೆ. ನನಗೆ ಅದೂ ಇತ್ತು! ಹದಿನಾಲ್ಕು ದಿನ ಹಿಡಿ ಹಿಡಿ ಮಾತ್ರೆ ನುಂಗಿದೆ. ನೋವಿನ ಮಾತ್ರೆಯಿಂದಲೂ ಆಗಬಹುದು. ಮುಟ್ಟಿನ ದಿನಗಳಲ್ಲಿ ನಾನು ಅದನ್ನು ಕಡಲೆಪುರಿಯ ಹಾಗೆ ತಿನ್ನುತ್ತಿದ್ದೆ. ಟ್ರಾಪಿಕಲ್ ಸ್ಪ್ರೂ ಅಂತ ಇನ್ನೊಂದು. ಅದು ನಮ್ಮ ದಕ್ಷಿಣದ್ದೇ ಹಳೆಯ ಕಾಯಿಲೆ, 1960ರ ದಶಕದಲ್ಲಿ ವೆಲ್ಲೂರಿನ ಸುತ್ತಿನ ಹಳ್ಳಿಗಳಲ್ಲಿ ಪಿಡುಗಿನ ಹಾಗೆ ಬಂದಿತ್ತು. ನೋಡಲು ಸೀಲಿಯಾಕ್ ತರವೇ, ಆದರೆ ಆಂಟಿಬಯಾಟಿಕ್ಕು, ಫೋಲಿಕ್ ಆಸಿಡ್ಡಿಗೆ ವಾಸಿಯಾಗುತ್ತದೆ.

ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು ಇರುತ್ತದೆ, ರೋಗಿಯ ಲಕ್ಷಣದ ಜೊತೆ ತಾಳೆ ನೋಡಿ ಅಂತ. ನನ್ನ ಕೆಲಸ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವುದು. ತಾಳೆ ಅನ್ನುವ ಪದ ಚೆನ್ನಾಗಿ ಗೊತ್ತು. ಲೆಕ್ಕ ತಾಳೆಯಾಗಲಿಲ್ಲ ಅಂದರೆ ನಾವು ಆಡಿಟರಿಗೆ ನೀವೇ ನೋಡಿಕೊಳ್ಳಿ ಅಂತ ಬರೆದು ಕೊಡುವ ಹಾಗಿಲ್ಲ.

ಜೀನ್ ಟೆಸ್ಟ್ ಕೂಡ ಮಾಡಿಸಿದೆ, ದುಡ್ಡು ಜಾಸ್ತಿ. ಡಿಕ್ಯೂ2 ಅಥವಾ ಡಿಕ್ಯೂ8 ಅನ್ನುವ ಗುರುತು ಇಲ್ಲದವರಿಗೆ ಸೀಲಿಯಾಕ್ ಬರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇಲ್ಲ ಅಂತ ಬಂದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಇದೆ ಅಂತ ಬಂತು. ಇದೆ ಅಂದರೆ ಏನೂ ಹೇಳಿದ ಹಾಗಲ್ಲ, ನೂರು ಜನರಲ್ಲಿ ಮೂವತ್ತು ನಲವತ್ತು ಜನಕ್ಕೆ ಅದು ಇರುತ್ತದೆ. ಅವರಲ್ಲಿ ಬಹಳ ಜನ ಸಾಯುವವರೆಗೂ ಪರೋಟ ತಿಂದುಕೊಂಡು ಆರಾಮಾಗಿರುತ್ತಾರೆ.

ಇಷ್ಟೆಲ್ಲ ಆದ ಮೇಲೆ ಡಾಕ್ಟರು ಚೀಟಿಯಲ್ಲಿ ಬರೆದಿದ್ದನ್ನು ನೋಡಿದೆ. ಸೀಲಿಯಾಕ್ ಅನ್ನುವ ಹೆಸರು, ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ. ನಾವು ಪ್ರಶ್ನೆ ಚಿಹ್ನೆಯನ್ನು ವಾಕ್ಯ ಮುಗಿದ ಮೇಲೆ ಹಾಕುತ್ತೇವೆ. ಡಾಕ್ಟರುಗಳು ಮೊದಲೇ ಹಾಕುತ್ತಾರೆ. ಮೊದಲು ಅನುಮಾನ, ಆಮೇಲೆ ಹೆಸರು.

"ನಮ್ಮ ಕಡೆ ಇದು ಅಪರೂಪ ಮೇಡಂ" ಅಂತಲೂ ಅವರು ಹೇಳಿದ್ದರು. ಅದು ಸುಳ್ಳಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರ, ಈಶಾನ್ಯ, ದಕ್ಷಿಣ ಭಾರತದ 23 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ್ದರು. ಉತ್ತರದಲ್ಲಿ ಸಾವಿರಕ್ಕೆ ಎಂಟೂವರೆ ಜನಕ್ಕೆ ಸೀಲಿಯಾಕ್. ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರು ಅನ್ನಬಹುದು. ಜೀನಿನ ಗುರುತು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಇದನ್ನು ಓದಿದ ರಾತ್ರಿ ನಾನು ಅಪ್ಪನ ಚಪಾತಿಗಳನ್ನು ನೆನೆಸಿಕೊಂಡೆ. ಇಪ್ಪತ್ತೈದು ಗ್ರಾಂ ಅಂದರೆ ಒಂದೇ ಚಪಾತಿಯ ಹಿಟ್ಟು. ನಮ್ಮ ಮನೆ ರಾತ್ರಿ ಎಂಟು ಗಂಟೆಗೇ ದಕ್ಷಿಣ ದಾಟಿ ಹೋಗಿರುತ್ತಿತ್ತು. ಅದರಿಂದಲೇ ನನಗೆ ಹೀಗಾಯಿತು ಅಂತ ಹೇಳಲು ಬರುವುದಿಲ್ಲ, ಒಬ್ಬರ ಹೊಟ್ಟೆಯನ್ನು ಸರಾಸರಿಯಿಂದ ಅಳೆಯುವ ಹಾಗಿಲ್ಲ. ಆದರೆ ಅಪರೂಪ ಅಂದ ಮಾತ್ರಕ್ಕೆ ಆ ಒಬ್ಬರು ನಾನಲ್ಲ ಅಂತಲೂ ಅಲ್ಲವಲ್ಲ.

ಉಳಿದ ದಾರಿ ಒಂದೇ ಇತ್ತು. ಮತ್ತೆ ಗೋಧಿ ತಿನ್ನುವುದು. ಆರರಿಂದ ಎಂಟು ವಾರ ದಿನಾ ತಿಂದು, ಮತ್ತೆ ರಕ್ತ, ಮತ್ತೆ ಪೈಪು. ದಿನಕ್ಕೆ ಎರಡು ಚಪಾತಿ ಸಾಕು ಅಂದರು. ಹೊಟ್ಟೆಗೆ ಆಗದ್ದನ್ನು ಔಷಧಿಯ ಹಾಗೆ ಹೊತ್ತಿಗೆ ಸರಿಯಾಗಿ ತಿನ್ನುವುದು ಎಂಥ ವಿಚಿತ್ರ ವ್ರತ ಅಂತ ಮಾಡಿದವರಿಗೇ ಗೊತ್ತು. ನಾನು ಆರಿಸಿಕೊಂಡ ತಿಂಗಳೋ, ಮಾರ್ಚ್. ಸಹಕಾರ ಸಂಘದಲ್ಲಿ ಮಾರ್ಚ್ ಅಂದರೆ ಏನು ಅಂತ ಗೊತ್ತಿರುವವರು ನಗುತ್ತಿದ್ದೀರಿ ಅಂತ ಗೊತ್ತು. ಮೊದಲ ವಾರ ಪರವಾಗಿಲ್ಲ. ಚಪಾತಿ ರುಚಿಯಾಗಿಯೇ ಇತ್ತು, ನಿಜ ಹೇಳಬೇಕೆಂದರೆ ಬೇಕರಿಗೂ ಹೋಗಿ ಎರಡು ಬೆಣ್ಣೆ ಬಿಸ್ಕತ್ತು, ಒಂದು ಪಫ್ಸು ತಿಂದೆ, ಡಾಕ್ಟರೇ ಹೇಳಿದ್ದಾರೆ ಅನ್ನುವ ಧೈರ್ಯದಲ್ಲಿ. ಎರಡನೆಯ ವಾರಕ್ಕೆ ಹೊಟ್ಟೆ ಊದಿತು. ಹತ್ತೊಂಬತ್ತನೆಯ ದಿನ ಲೆಡ್ಜರು ತೆರೆದಿಟ್ಟು ನಾಲ್ಕು ಸಲ ಎದ್ದು ಓಡಿದೆ. ನಾಲ್ಕನೆಯ ಸಲ ವಾಪಸು ಬಂದಾಗ ಯಾವ ಸಾಲಿನಲ್ಲಿದ್ದೆ ಅನ್ನುವುದೇ ಮರೆತಿತ್ತು. ಮನೆಗೆ ಬಂದು ಕಣಕದ ಮುದ್ದೆಯನ್ನು ಹೊರಗಿದ್ದ ಹಸುವಿಗೆ ಹಾಕಿದೆ.

"ಇನ್ನೊಂದು ಮೂರು ವಾರ ತಡ್ಕೊಂಡಿದ್ರೆ ಗೊತ್ತಾಗ್ತಿತ್ತಲ್ವಾ" ಅಂದರು ನನ್ನ ಗಂಡ. ಒಳ್ಳೆಯ ಮನುಷ್ಯ, ಹೊತ್ತು ಗೊತ್ತು ನೋಡದೆ ಮಾತಾಡುತ್ತಾರೆ. ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಸಿಟ್ಟು ಬಂದಿದ್ದು ಅವರು ಹೇಳಿದ್ದು ಸರಿ ಅನ್ನುವ ಕಾರಣಕ್ಕೇ.

ಹತ್ತೊಂಬತ್ತು ದಿನದ ರಕ್ತದಲ್ಲಿ ಟಿಟಿಜಿ 21. ಏರಿದೆ, ಆದರೆ ಅಷ್ಟೇನೂ ಅಲ್ಲ. ಪ್ರಶ್ನೆ ಚಿಹ್ನೆ ಇದ್ದಲ್ಲೇ ಇದೆ, ಪಕ್ಕದಲ್ಲಿ ಪೊಟೆನ್ಶಿಯಲ್ ಅನ್ನುವ ಹೊಸ ಪದ ಸೇರಿದೆ, ಅಂದರೆ ರಕ್ತದಲ್ಲಿ ಗುರುತು ಇದೆ, ಕರುಳಿನ ಪೈರು ಇನ್ನೂ ಮಲಗಿಲ್ಲ ಅಂತ. ಇನ್ನು ಹೊಟ್ಟೆ ಕೆಡುವುದು ಗ್ಲುಟೆನ್‌ನಿಂದಲೇ ಅಂತಲೂ ಇಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಅನ್ನುವ ಬೇರೊಂದು ಅಂಶ ಇದೆ. 2018ರಲ್ಲಿ ನಾರ್ವೆಯವರು 59 ಜನರ ಮೇಲೆ ಪರೀಕ್ಷೆ ಮಾಡಿದ್ದರು. ಸೀಲಿಯಾಕ್ ಇಲ್ಲದಿದ್ದರೂ ಗ್ಲುಟೆನ್ ಆಗಲ್ಲ ಅಂತ ತಾವೇ ಬಿಟ್ಟಿದ್ದವರು ಅವರೆಲ್ಲ. ಅವರ ಹೊಟ್ಟೆಯನ್ನು ಜಾಸ್ತಿ ಕೆಡಿಸಿದ್ದು ಗ್ಲುಟೆನ್ ಅಲ್ಲ, ಫ್ರಕ್ಟಾನ್. ಅದು ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. ಇದನ್ನು ಓದಿ ನಾನು ಒಂದು ವಾರ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟೆ. ಮನೆಯವರು ಬಸ್ಸಾರನ್ನು ನೋಡಿದ ಮುಖ ನೋಡಲಾಗದೆ ಮತ್ತೆ ಹಾಕಿದೆ. ಇಂಥ ರಾತ್ರಿಗಳಲ್ಲಿ ಮೊಬೈಲನ್ನು ಇನ್ನೊಂದು ರೂಮಿನಲ್ಲಿ ಇಟ್ಟು ಮಲಗುವುದು ಒಳ್ಳೆಯದು.

ಹಾಗಾದರೆ ಈಗ ಏನು ಮಾಡುತ್ತಿದ್ದೀಯ ಅಂದರೆ, ಗೋಧಿ ಬಿಟ್ಟಿದ್ದೇನೆ. ಡಾಕ್ಟರು ಎರಡು ದಾರಿ ಹೇಳಿದ್ದರು. ತಿನ್ನುತ್ತಾ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುವುದು, ಇಲ್ಲವೇ ಬಿಟ್ಟು ರಕ್ತ ಏರುತ್ತದಾ ನೋಡುವುದು. ನನಗೆ ಹಿಮೋಗ್ಲೋಬಿನ್ ಬೇಕಿತ್ತು. ಬಿಟ್ಟೆ. ಆದರೆ ಬಿಡುವುದರಲ್ಲೂ ಇರಬಹುದು ಅನ್ನುವುದು ಕಾಡುತ್ತದೆ. ಎಷ್ಟು ಬಿಡಬೇಕು? ಖಚಿತವಾಗಿ ಸೀಲಿಯಾಕ್ ಇದ್ದವರು ಪುಡಿಯಷ್ಟೂ ತಿನ್ನಬಾರದು. ಗ್ಲುಟೆನ್ ಇಲ್ಲ ಅಂತ ಪ್ಯಾಕೆಟ್ ಮೇಲೆ ಬರೆಯಬೇಕಾದರೆ ನಮ್ಮ ದೇಶದ ಕಾನೂನಿನಲ್ಲಿ ಒಂದು ಕಿಲೋಗೆ 20 ಮಿಲಿಗ್ರಾಂ ಮೀರಬಾರದು, ಅಷ್ಟು ಕಟ್ಟುನಿಟ್ಟು. ಇರಬಹುದು ಅನ್ನುವವಳಿಗೆ ಎಷ್ಟು?

ಚಪಾತಿ, ಪೂರಿ, ಉಪ್ಪಿಟ್ಟು ಬಿಡುವುದು ಸುಲಭ, ಅವು ಕಣ್ಣಿಗೆ ಕಾಣುತ್ತವೆ. ಕಾಣದ್ದು ಇಂಗು. ನಮ್ಮ ಅಂಗಡಿಗಳಲ್ಲಿ ಸಿಗುವ ಇಂಗಿಗೆ ಗೋಂದು ಮತ್ತು ಹಿಟ್ಟು ಬೆರೆಸಿರುತ್ತಾರೆ, ಕೆಲವರದು ಅಕ್ಕಿ ಹಿಟ್ಟು, ಕೆಲವರದು ಗೋಧಿ ಹಿಟ್ಟು. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿದ ದಿನ ನನಗೆ ನೆಲ ಕುಸಿದ ಹಾಗಾಯಿತು. ಗೋಧಿ ಬಿಟ್ಟಿದ್ದೇನೆ ಅಂದುಕೊಂಡ ಐದು ತಿಂಗಳೂ ದಿನಾ ಸಾರಿನ ಒಗ್ಗರಣೆಯಲ್ಲಿ ಚಿಟಿಕೆ ಗೋಧಿ ಬಿದ್ದಿತ್ತು! ಹಾರ್ಲಿಕ್ಸ್‌ನಲ್ಲಿ ಗೋಧಿಯೂ ಬಾರ್ಲಿಯೂ ಇದೆ. ಉಷ್ಣಕ್ಕೆ ಅಂತ ಅತ್ತೆ ಪ್ರೀತಿಯಿಂದ ಕುದಿಸಿ ಕೊಡುತ್ತಿದ್ದ ಬಾರ್ಲಿ ನೀರು ಬೇಡ. ರವೆ ಇಡ್ಲಿ ಬೇಡ, ಮದ್ದೂರು ವಡೆ ಬೇಡ. ಕೋಡುಬಳೆಗೆ ಗರಿಗರಿ ಬರಲಿ ಅಂತ ಚಿರೋಟಿ ರವೆ ಹಾಕಿದ್ದಾರಾ ಅಂತ ಕೇಳಬೇಕು. ಕೇಳಿದರೆ ಮಾಡಿದವರು ಗುಟ್ಟು ಕೇಳಿದ ಹಾಗೆ ನೋಡುತ್ತಾರೆ.

ಹಾಗಂತ ಹಾಸನ ಜಿಲ್ಲೆಯಲ್ಲಿ ಹುಟ್ಟಿದವಳು ಊಟಕ್ಕೆ ಅಳುವ ಹಾಗಿಲ್ಲ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಅಕ್ಕಿಯಲ್ಲಿ ಇಲ್ಲ, ಜೋಳದಲ್ಲಿ ಇಲ್ಲ. ಬೆಳಿಗ್ಗೆ ಅಕ್ಕಿ ರೊಟ್ಟಿ ಚಟ್ನಿ, ಮಧ್ಯಾಹ್ನ ಮುದ್ದೆ ಹುರುಳಿಕಾಳು ಸಾರು. ಡಿಸೆಂಬರಿನಲ್ಲಿ ಅವರೆಕಾಯಿ ಬಂತೆಂದರೆ ನನಗೇನು ಕಾಯಿಲೆ ಅಂತಲೇ ಮರೆತುಹೋಗುತ್ತದೆ. ಅತ್ತೆ ಅಟ್ಟದ ಮೇಲಿದ್ದ ಶ್ಯಾವಿಗೆ ಒರಳು ಇಳಿಸಿದ್ದಾರೆ. ಒತ್ತು ಶ್ಯಾವಿಗೆ, ಕಾಯಿಹಾಲು. "ನೋಡು, ನಿನ್ನ ದೆಸೆಯಿಂದ ಹಳೇ ಕಾಲ ವಾಪಸು ಬಂತು" ಅನ್ನುತ್ತಾರೆ. ಅಂಗಡಿಯಲ್ಲಿ ಸಿಗುವ ಗ್ಲುಟೆನ್ ಇಲ್ಲದ ಬ್ರೆಡ್ಡು, ಬಿಸ್ಕತ್ತಿಗೆ ನಾನು ಒಂದೇ ಸಲ ದುಡ್ಡು ಹಾಕಿದ್ದು. ಥರ್ಮಾಕೋಲು ಅದಕ್ಕಿಂತ ರುಚಿಯಾಗಿರಬಹುದು.

ಈ ಕಾಯಿಲೆಗೂ ಗೋಧಿಗೂ ಇರುವ ಸಂಬಂಧ ಕಂಡುಕೊಂಡದ್ದು ವಿಲೆಮ್ ಡಿಕೆ ಅನ್ನುವ ಡಚ್ ಮಕ್ಕಳ ಡಾಕ್ಟರು. ಗೋಧಿಯ ಮೇಲೆ ಅವರಿಗೆ ಮೊದಲೇ ಅನುಮಾನ ಇತ್ತು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲ, 1944–45ರಲ್ಲಿ, ಹಾಲೆಂಡಿನಲ್ಲಿ ಬ್ರೆಡ್ಡೇ ಇಲ್ಲದೆ ಜನ ಟ್ಯುಲಿಪ್ ಗೆಡ್ಡೆ ತಿಂದರು. ಊರಿಗೆ ಊರೇ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಬಂದ ಮೇಲೆ ಮತ್ತೆ ಮಲಗಿದರು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಬರೆದರು. ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಆ ಮಕ್ಳಿಗೆ ಮುದ್ದೆ ಸಿಕ್ಕಿದ್ರೆ ಆಗೋದು" ಅಂದರು.

ಅಮ್ಮ ಬಹಳ ದಿನ ನಂಬಲಿಲ್ಲ. "ಅದೆಂಥ ಕಾಯ್ಲೆನೇ ಅದು? ಇದ್ರೆ ಇದೆ ಅನ್ಬೇಕು, ಇಲ್ದಿದ್ರೆ ಇಲ್ಲ ಅನ್ಬೇಕು. ಅಷ್ಟು ದುಡ್ಡು ಇಸ್ಕಂಡು ಇರ್ಬೋದು ಅಂದ್ರೆ?" ಅವರಿಗೆ ಅಪ್ಪನ ಶುಗರ್ ಗೊತ್ತು. ಅದಕ್ಕೆ ನಂಬರ್ ಇದೆ, ಮಾತ್ರೆ ಇದೆ, ಮದುವೆ ಮನೆಯಲ್ಲಿ ಸ್ವೀಟ್ ಬೇಡ ಅಂದರೆ ಬಡಿಸುವವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಹೆಸರಿರುವ ಕಾಯಿಲೆಗೆ ಪಂಕ್ತಿಯಲ್ಲಿ ಮರ್ಯಾದೆ ಇದೆ. ನಾನು ಒಬ್ಬಟ್ಟು ಬೇಡ ಅಂದರೆ ಜಂಬ, ಡಯಟ್ಟು, ಪೇಟೆ ಬುದ್ಧಿ. ಒಂದು ಮದುವೆಯಲ್ಲಿ ಚಿಕ್ಕಮ್ಮ ಒಬ್ಬರು ಬಲವಂತವಾಗಿ ಎಲೆಗೆ ಹಾಕಿ ಮೇಲೆ ತುಪ್ಪವನ್ನೂ ಸುರಿದರು. ಆವತ್ತಿನಿಂದ ನಾನು ಸುಳ್ಳು ಹೇಳುವುದು ಕಲಿತೆ. ಗೋಧಿ ಅಲರ್ಜಿ, ತಿಂದರೆ ಉಸಿರು ಕಟ್ಟುತ್ತೆ, ಆಸ್ಪತ್ರೆಗೆ ಸೇರಿಸಬೇಕಾಗುತ್ತೆ ಅನ್ನುತ್ತೇನೆ. ತಕ್ಷಣ ಕೈ ಹಿಂದೆ ಹೋಗುತ್ತದೆ. ನಿಜವನ್ನು ಯಾರೂ ನಂಬಲಿಲ್ಲ, ಸುಳ್ಳಿಗೆ ಎಷ್ಟು ಬೆಲೆ ನೋಡಿ. ಹೀಗೆ ಹೇಳುವಾಗ ನಿಜವಾಗಿ ಕಾಯಿಲೆ ಇರುವವರ ಹೆಸರು ಕೆಡಿಸುತ್ತಿದ್ದೇನೆ ಅಂತಲೂ ಅನ್ನಿಸುತ್ತದೆ. ನನಗೇ ಇದ್ದರೆ? ಆಗ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅಲ್ವಾ? ಹೀಗೆ ನನ್ನ ಜೊತೆ ನಾನೇ ವಾದ ಮಾಡಿಕೊಳ್ಳುತ್ತೇನೆ.

ಮಗಳ ವಿಷಯ. ಹನ್ನೊಂದು ವರ್ಷ, ತರಗತಿಯಲ್ಲಿ ಮುಂದಿನ ಸಾಲು, ಎತ್ತರ ಕಡಿಮೆ. ತಂದೆತಾಯಿಗೆ ಸೀಲಿಯಾಕ್ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು ಅನ್ನುತ್ತಾರೆ. ತಾಯಿಗೆ ಇರಬಹುದು ಅಂದರೆ ಎಷ್ಟರಲ್ಲಿ ಎಷ್ಟು ಅನ್ನುವುದಕ್ಕೆ ಲೆಕ್ಕ ಇಲ್ಲ. ಈ ಸಲ ನಾನು ಬುದ್ಧಿ ಕಲಿತಿದ್ದೆ. ಅವಳ ತಟ್ಟೆಯಿಂದ ಒಂದು ಚೂರು ಚಪಾತಿಯನ್ನೂ ತೆಗೆಯದೆ ಟೆಸ್ಟ್ ಮಾಡಿಸಿದೆ. ಟಿಟಿಜಿ ಇಲ್ಲ, ಒಟ್ಟು ಐಜಿಎ ಸರಿ ಇದೆ. ರಿಪೋರ್ಟು ಹಿಡಿದು ಮಹಾರಾಜ ಪಾರ್ಕಿನ ಕಲ್ಲು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಈಗ ಇಲ್ಲ ಅಂದರೆ ಮುಂದೆ ಬರುವುದೇ ಇಲ್ಲ ಅಂತಲ್ಲ, ಕೆಲವು ವರ್ಷಕ್ಕೊಮ್ಮೆ ನೋಡಬೇಕು. ಅಲ್ಲಿವರೆಗೆ ಅವಳು ಗೋಧಿ ತಿನ್ನುತ್ತಲೇ ಇರಲಿ, ನಿಮ್ಮ ಭಯಕ್ಕೆ ಅವಳದ್ದು ಬಿಡಿಸಬೇಡಿ ಅಂದರು ಡಾಕ್ಟರು. ಹಾಗಾಗಿ ನಮ್ಮ ಒಂದೇ ಅಡುಗೆ ಮನೆಯಲ್ಲಿ ಎರಡು ಕಾವಲಿ. ನನ್ನದಕ್ಕೆ ಹಿಡಿಯ ಹತ್ತಿರ ಕೆಂಪು ದಾರ ಕಟ್ಟಿದ್ದೇನೆ. ಮಗಳು ಅದಕ್ಕೆ ಕುಂಕುಮ ಇಟ್ಟು ಅಮ್ಮನ ದೇವರು ಅಂತ ಹೆಸರಿಟ್ಟಿದ್ದಾಳೆ.

ಹೋದ ತಿಂಗಳು ಹಿಮೋಗ್ಲೋಬಿನ್ 11.8. ದೇಹದಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ನೂ ಏರಿದೆ. ಗೋಧಿ ಬಿಟ್ಟಿದ್ದಕ್ಕಾ, ಎಚ್. ಪೈಲೋರಿ ಹೋಗಿದ್ದಕ್ಕಾ, ನೋವಿನ ಮಾತ್ರೆ ನಿಲ್ಲಿಸಿದ್ದಕ್ಕಾ? ಮೂರೂ ಒಟ್ಟಿಗೇ ಮಾಡಿದ್ದೇನೆ. ಬಿಡಿಸಿ ನೋಡುವ ಹಾಗಿಲ್ಲ. ಡಾಕ್ಟರು ಈ ಸಲವೂ ಚೀಟಿ ಬರೆದರು. ಪ್ರಶ್ನೆ ಚಿಹ್ನೆ ಅಲ್ಲೇ ಇತ್ತು. ಈ ಸಲ ನಾನು ಇದೆಯೋ ಇಲ್ಲವೋ ಅಂತ ಕೇಳಲಿಲ್ಲ. ಮುಂದಿನ ಸಲ ಯಾವಾಗ ಬರಲಿ ಅಂತ ಕೇಳಿದೆ.

ನನಗೆ ರಾಗಿ ಹಿಟ್ಟು ಈಗಲೂ ಊರಿಂದಲೇ ಬರುತ್ತದೆ. ಪೇಟೆಯ ಮಿಲ್ಲಿನಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿ ಹಾಕುತ್ತಾರೆ ಅನ್ನುವ ಹೆದರಿಕೆ ನನಗೆ. ಊರಿನ ಮಿಲ್ಲಿನಲ್ಲೂ ಇರುವುದು ಅದೊಂದೇ ಮಿಷನ್ನು ಅಂತ ಗೊತ್ತಿದ್ದರೂ ಅಮ್ಮನಿಗೆ ಹೇಳಿರಲಿಲ್ಲ. ಹೇಳಿದರೆ ಮತ್ತೆ ಅದೇ ಮಾತು, ಇದೆಯೋ ಇಲ್ವೋ. ಮೊನ್ನೆ ಹಿಟ್ಟಿನ ಚೀಲ ತಂದ ತಮ್ಮ ಹೇಳಿದ. ಅಮ್ಮ ಹೋದಾಗ ಮುಂದೆ ಯಾರದೋ ಗೋಧಿ ಓಡುತ್ತಿತ್ತಂತೆ. ಅದು ಮುಗಿದ ಮೇಲೆ ಅಮ್ಮ ಒಂದು ಸೇರು ರಾಗಿ ಹಾಕಿಸಿ, ಬಂದ ಹಿಟ್ಟನ್ನು ದನಕ್ಕೆ ಅಂತ ಬೇರೆ ಚೀಲಕ್ಕೆ ತುಂಬಿಸಿ, ಆಮೇಲೆ ನನ್ನದು ಹಾಕಿಸಿದರಂತೆ. ಯಾಕಜ್ಜಿ ಚೆನ್ನಾಗಿರೋ ಹಿಟ್ಟು ದನಕ್ಕೆ ಅಂತ ಮಿಲ್ಲಿನ ಹುಡುಗ ಕೇಳಿದ್ದಾನೆ.

"ನಮ್ ಹುಡ್ಗಿಗೆ ಗೋಧಿ ಆಗಲ್ಲ ಕಣಪ್ಪ."

"ಹಂಗಾದ್ರೆ ಸೋಮವಾರ ಬೆಳಿಗ್ಗೇನೆ ಬಂದ್ಬಿಡು ಅಜ್ಜಿ" ಅಂದನಂತೆ ಅವನು. "ಮಿಷನ್ ಒರೆಸಿ ನಿಂದೇ ಫಸ್ಟ್ ಹಾಕ್ತೀನಿ."